ಎಕ್ಸ್‌ಪೋರ್ಟ್ ಪೆಟ್ಟಿಗೆಗಳು

ನಮ್ಮಪ್ಪನ ಕಾರಿನ ಸೈಲೆನ್ಸರ್ ಹಲಸೂರು ಕೆರೆಯ ಪಕ್ಕ ಕಳಚಿ ಬೀಳದೇ ಇದ್ದಿದ್ದರೆ ನನಗೂ ಏನೂ ಗೊತ್ತಾಗುತ್ತಿರಲಿಲ್ಲ. ಎಲ್ಲರ ಹಾಗೆ ನಾನೂ ಆಯುಧಪೂಜೆಯ ಸ್ವೀಟ್ ಬಾಕ್ಸ್ ಹಿಡಿದುಕೊಂಡು ನಗುನಗುತ್ತಾ ಮನೆಗೆ ಬರುತ್ತಿದ್ದೆ.

ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ಹತ್ತಿರದ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದಾಗ ಅಪ್ಪ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಆ ಮಾಡೆಲ್ ತಯಾರಾಗುವುದು ನಿಂತು ಯಾವ ಕಾಲವಾಯಿತೋ. ಆದರೂ ಪ್ರತಿ ಭಾನುವಾರ ಮಗುವಿಗೆ ಎರೆದ ಹಾಗೆ ಅದಕ್ಕೆ ನೀರು ಎರೆಯುತ್ತಾರೆ. ನಾನೋ, ಕೆ.ಆರ್. ಪುರದಾಚೆ ಕಾರಿನ ಸೈಲೆನ್ಸರ್ ಮಾಡುವ ಫ್ಯಾಕ್ಟರಿಯಲ್ಲಿ ಪೈಪ್ ಬಗ್ಗಿಸುವವನು. ನನ್ನ ಮನೆಯ ಕಾರೇ ಸೈಲೆನ್ಸರ್ ಇಲ್ಲದೆ ಮಾರ್ಕೆಟ್ ರೋಡಿನುದ್ದಕ್ಕೂ ಗುಡುಗುತ್ತಾ ಬಂದರೆ ಬೀದಿಯವರು ಸುಮ್ಮನೆ ಬಿಡುತ್ತಾರೆಯೇ? ಎದುರುಮನೆಯವರು ಅಪ್ಪನನ್ನು ಗೇಟಿನಲ್ಲೇ ನಿಲ್ಲಿಸಿ, "ಏನ್ ಸ್ವಾಮಿ, ನಿಮ್ ಮಗ ಎಲ್ಲಾನೂ ಫಾರಿನ್‌ಗೇ ಕಳಿಸ್ಬಿಟ್ನಾ? ಮನೆಗೆ ಒಂದೂ ಉಳಿಸ್ಲಿಲ್ವಾ?" ಎಂದರಂತೆ.

ಫಾರಿನ್ ವಿಷಯವನ್ನು ಬೀದಿಗೆಲ್ಲ ಹಬ್ಬಿಸಿದ್ದು ಅಪ್ಪನೇ. ಅಪ್ಪನಿಗೆ ಹೇಳಿದ್ದು ನಾನು. ಅದು ಹೇಗೆ ಶುರುವಾಯಿತು ಎಂಬುದನ್ನು ಮೊದಲು ಹೇಳಬೇಕು.

ನಮ್ಮದು ಒಂದೇ ಮಾಡೆಲ್ಲಿನ ಡೀಸೆಲ್ ಕಾರಿಗೆ ಸೈಲೆನ್ಸರ್ ಮಾಡುವ ಲೈನು. ನಾನು ಬಗ್ಗಿಸಿದ ಪೈಪು ಪಕ್ಕದ ಬೆಂಚಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಡಬ್ಬಿ ಕೂಡಿಸಿ ವೆಲ್ಡಿಂಗ್ ಮಾಡುತ್ತಿದ್ದವನು ಯಾದಗಿರಿ ಕಡೆಯ ಹುಡುಗ. ಹುಡುಗ ಎಂದೆ, ಎರಡು ಮಕ್ಕಳ ತಂದೆ ಅವನು. ನಾನು ಪರ್ಮನೆಂಟ್, ಅವನು ಕಾಂಟ್ರ್ಯಾಕ್ಟ್. ಕೆಲಸದಲ್ಲಿ ಯಾವ ಭೇದವೂ ಇರಲಿಲ್ಲ, ಅಂಗಿಯ ಬಣ್ಣದಲ್ಲಿ ಮಾತ್ರ ಇತ್ತು. ಕಂಪನಿಯವರು ಕೊಡುವ ವೆಲ್ಡಿಂಗ್ ಮಾಸ್ಕ್ ಭಾರವಾಗಿ ಕತ್ತು ನೋಯುತ್ತದೆ ಎಂದು ಅವನು ಸ್ವಂತ ದುಡ್ಡಿನಲ್ಲಿ ಹಗುರಾದ್ದೊಂದನ್ನು ತಂದುಕೊಂಡಿದ್ದ. ಅದರ ಹಣೆಗೆ ಬಿಳಿ ಪೇಂಟಿನಲ್ಲಿ ವಿಭೂತಿಯ ಹಾಗೆ ಮೂರು ಗೆರೆ ಎಳೆದಿದ್ದ. ಮಾಸ್ಕ್ ಇಳಿಸಿಕೊಂಡು ಕೂತರೆ ಮಠದ ಸ್ವಾಮಿಗಳು ಕೂತ ಹಾಗೆ ಕಾಣುತ್ತಿತ್ತು. ನಾನು "ಏನ್ ಬುದ್ಧಿ, ಆಶೀರ್ವಾದ ಮಾಡಿ" ಎಂದು ಕಾಲೆಳೆಯುತ್ತಿದ್ದೆ. ಅವನು ನನ್ನನ್ನು ಅಣ್ಣಾರ ಎನ್ನುತ್ತಿದ್ದ.

ಕೆ.ಆರ್. ಪುರದ ಒಂದು ಬಾಡಿಗೆ ರೂಮಿನಲ್ಲಿ ಅವನ ಊರ ಕಡೆಯವರೇ ಒಂದಷ್ಟು ಜನ ಸೇರಿಕೊಂಡಿದ್ದರು. ಹೆಂಡತಿ ಮಕ್ಕಳು ಊರಿನಲ್ಲಿ. ಹೆಂಡತಿಗೆ ಅಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ. ಸಣ್ಣ ಗೌರವಧನ, ಆದರೆ ತಿಂಗಳು ತಿಂಗಳು ಬರುವಂಥದ್ದು. ಆ ಕೆಲಸ ಸಿಗಲು ಅವಳು ಎಷ್ಟು ವರ್ಷ ಓಡಾಡಿದ್ದಳು, ಯಾರ್‍ಯಾರ ಮನೆ ಬಾಗಿಲು ಕಾದಿದ್ದಳು ಎಂಬುದನ್ನು ಟೀ ಕುಡಿಯುವಾಗಲೆಲ್ಲ ಹೇಳುತ್ತಿದ್ದ. ಒಮ್ಮೆ ಕೈಬಿಟ್ಟರೆ ಮಾರನೆಯ ದಿನವೇ ಊರಿನ ಇನ್ನೊಬ್ಬಳು ಅಲ್ಲಿ ಕೂತಿರುತ್ತಾಳೆ ಎಂಬುದೂ ಅವನದೇ ಮಾತು.

ಆಷಾಢದಲ್ಲಿ ಓಟಿ ಶುರುವಾಯಿತು. ಮೊದಲು ಭಾನುವಾರ ಮಾತ್ರ, ಆಮೇಲೆ ದಿನವೂ ಶಿಫ್ಟ್ ಮುಗಿದ ಮೇಲೆ. ಅದಕ್ಕೂ ಹಿಂದೆ ವರ್ಷವೆಲ್ಲ ಬರೀ ಕೆಟ್ಟ ಸುದ್ದಿ. ಹೊಗೆಯ ನಿಯಮ ಬಿಗಿಯಾಯಿತು, ಡೀಸೆಲ್ ಕಾರು ಕೇಳುವವರಿಲ್ಲ, ಮುಂದೆ ಬರುವ ಬ್ಯಾಟರಿ ಕಾರಿಗೆ ಸೈಲೆನ್ಸರೇ ಬೇಡವಂತೆ. ಪಕ್ಕದ ಶೆಡ್ಡಿನವರ ಶಿಫ್ಟ್ ಒಂದಕ್ಕಿಳಿದಾಗ ನಮ್ಮ ಸರದಿ ಯಾವಾಗ ಎಂದು ನಾವೂ ಲೆಕ್ಕ ಹಾಕುತ್ತಿದ್ದೆವು. ಅಂಥ ಹೊತ್ತಿನಲ್ಲಿ ಓಟಿ ಸಿಕ್ಕರೆ ಯಾರು ತಾನೇ ಬೇಡ ಎನ್ನುತ್ತಾರೆ? ಅಪ್ಪನಿಗಂತೂ ಹಬ್ಬ. "ಓಟಿ ಕೊಡ್ತಿದಾರೆ ಅಂದ್ರೆ ಕಂಪನಿ ಗಟ್ಟಿಯಾಗಿದೆ ಅಂತ ಅರ್ಥ ಕಣೋ. ನಮ್ಮ ಕಾಲದಲ್ಲೂ ಹಾಗೇ" ಎಂದರು. ಅವರ ಕಾಲದಲ್ಲಿ ಹಾಗೇ ಇತ್ತು, ಸುಳ್ಳಲ್ಲ.

ಇನ್ನೊಂದು ಬದಲಾವಣೆಯೂ ಬಂತು. ನಮ್ಮ ಸೈಲೆನ್ಸರುಗಳು ಯಾವಾಗಲೂ ಕಬ್ಬಿಣದ ಟ್ರಾಲಿಯಲ್ಲಿ ಬರಿಮೈಯಲ್ಲೇ ಹೋಗುತ್ತಿದ್ದವು. ಇವತ್ತು ಹೋದದ್ದು ನಾಳೆ ಕಾರಿನ ಹೊಟ್ಟೆಗೆ ಸೇರುತ್ತಿತ್ತು. ಈಗ ಒಂದೊಂದಕ್ಕೂ ತುಕ್ಕು ಹಿಡಿಯದ ಎಣ್ಣೆ ಬಳಿದು, ಕಂದು ಕಾಗದ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಎಳೆದು, ರಟ್ಟಿನ ಪೆಟ್ಟಿಗೆಗೆ ಹಾಕಿ ಎಂದರು. ಅದನ್ನು ನೋಡಿ ಎಕ್ಸ್‌ಪೋರ್ಟ್ ಎಂದು ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಊಟದ ಹೊತ್ತಿಗೆ ಇಡೀ ಲೈನಿಗೆ ಗೊತ್ತಾಗಿತ್ತು, ಸಂಜೆಗೆ ಹಡಗು ಯಾವ ದೇಶಕ್ಕೆ ಎಂಬುದೂ ತೀರ್ಮಾನವಾಗಿತ್ತು. ಸೂಪರ್‌ವೈಸರ್ ಸಾಹೇಬರು ಎಕ್ಸ್‌ಪೋರ್ಟ್ ಎಂದು ಯಾವತ್ತೂ ಹೇಳಲಿಲ್ಲ. ಕೇಳಿದರೆ ನಗುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ, ನಾವು ಕಟ್ಟಿಕೊಂಡ ಸುಳ್ಳನ್ನು ತಡೆಯಲೂ ಇಲ್ಲ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಮ್ಮಲ್ಲಿ ಶಿಫ್ಟಿಗೂ ಶಿಫ್ಟಿಗೂ ಮೊದಲಿನಿಂದ ಪೈಪೋಟಿ. ಬೆಳಗಿನವರು ಎಷ್ಟು ಪೆಟ್ಟಿಗೆ ತುಂಬಿದ್ದಾರೆ ಎಂದು ಬೋರ್ಡಿನಲ್ಲಿ ಬರೆದು ಹೋದರೆ ಮಧ್ಯಾಹ್ನದವರು ಒಂದಾದರೂ ಹೆಚ್ಚು ತುಂಬಿಯೇ ಮನೆಗೆ ಹೋಗಬೇಕು. ಯಾರೂ ಹೇಳಿಕೊಟ್ಟದ್ದಲ್ಲ. ಮರ್ಯಾದೆಯ ಪ್ರಶ್ನೆ. ಎಕ್ಸ್‌ಪೋರ್ಟ್ ಎಂದ ಮೇಲೆ ಕೇಳಬೇಕೆ? ಬೆನ್ನು ಬಗ್ಗಿ ಹೋಗುವಷ್ಟು ಮಾಡಿದೆವು. ಪೆಟ್ಟಿಗೆಗಳು ಗೋಡೌನ್ ತುಂಬಿ, ಪ್ಯಾಸೇಜ್ ತುಂಬಿ, ಕೊನೆಗೆ ನಮ್ಮ ಗಾಡಿ ನಿಲ್ಲಿಸುವ ಜಾಗಕ್ಕೂ ಟಾರ್ಪಾಲ್ ಹೊದ್ದುಕೊಂಡು ಬಂದು ಕೂತವು. ಲಾರಿ ಯಾಕೆ ಬರುತ್ತಿಲ್ಲ ಎಂದು ಒಬ್ಬರಿಗೂ ತೋಚಲಿಲ್ಲ. ಬಂದರಿನಲ್ಲಿ ರಶ್ ಎಂದುಕೊಂಡೆವು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹುಡುಗ ಟೀ ಲೋಟ ಹಿಡಿದುಕೊಂಡು ಬಂದು, "ಅಣ್ಣಾರ, ಮನಿ ನೋಡೀನ್ರಿ. ದಸರಾ ಮುಗಿದ ಮ್ಯಾಲ ಆಕಿ ಅಂಗನವಾಡಿ ಕೆಲಸ ಬಿಟ್ಟು ಮಕ್ಕಳನ್ನ ಕರ್ಕೊಂಡ್ ಬರ್ತಾಳ್ರಿ. ಎಕ್ಸ್‌ಪೋರ್ಟ್ ಕೆಲಸ ಅಂದ್ರ ವರ್ಷಗಟ್ಲೆ ನಡೀತದಂತಲ್ರಿ" ಎಂದ. ನಾನು ಬೆನ್ನು ತಟ್ಟಿ, ಒಳ್ಳೇದು ಮಾಡಿದೆ ಎಂದೆ. ಮನಸಾರೆ ಸಂತೋಷಪಟ್ಟೆ. ಮಗಳು ತನ್ನನ್ನು ಫೋನಿನಲ್ಲಿ ಮಾಮಾ ಎಂದು ಕರೆದುಬಿಟ್ಟಳು ಎಂದು ಹಿಂದಿನ ವಾರವಷ್ಟೇ ಅವನು ಕಣ್ಣು ಒದ್ದೆ ಮಾಡಿಕೊಂಡಿದ್ದ.

ಅಪ್ಪನ ಕಾರು ಮರ್ಯಾದೆ ಕಳೆದದ್ದು ಅದಾದ ಮೇಲೆ. ಅಷ್ಟು ಹಳೆಯ ಮಾಡೆಲ್ಲಿಗೆ ಶಿವಾಜಿನಗರ ಬಿಟ್ಟರೆ ಇನ್ನೆಲ್ಲೂ ಗತಿಯಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಒಂದು ಅಂಗಡಿಯಲ್ಲಿ ಗಡ್ಡಕ್ಕೆ ಮದರಂಗಿ ಹಚ್ಚಿದ ಯಜಮಾನರು ಕಾರಿನ ಹೆಸರು ಕೇಳಿ, "ಐತೆ ಸಾರ್, ಕೂತ್ಕಳಿ. ಡೂಪ್ಲಿಕೇಟ್ ಅಲ್ಲ, ಕಂಪನಿ ಮಾಲು" ಎಂದು ಅಟ್ಟ ಹತ್ತಿದರು. ಇಳಿದು ಬಂದು ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು ಧೂಳು ಒರೆಸಿ ತೆರೆದರು.

ಒಳಗೆ ಪ್ಲಾಸ್ಟಿಕ್. ಅದರ ಒಳಗೆ ಕಂದು ಕಾಗದ. ಕಾಗದ ಬಿಡಿಸಿದಾಗ ಆ ಎಣ್ಣೆಯ ವಾಸನೆ ಬಂತು. ತಿಂಗಳುಗಳಿಂದ ನನ್ನ ಅಂಗಿಗೆ, ಊಟದ ಕೈಗೆ, ದಿಂಬಿಗೆ ಹತ್ತಿಕೊಂಡಿದ್ದ ಅದೇ ವಾಸನೆ.

"ಇದ್ಯಾಕೆ ಹೀಗೆ ಪ್ಯಾಕ್ ಮಾಡಿದಾರೆ? ಎಕ್ಸ್‌ಪೋರ್ಟ್ ಮಾಲಾ?" ಎಂದು ಕೇಳಿದೆ.

ಯಜಮಾನರು ನಕ್ಕರು. "ಎಂಥ ಎಕ್ಸ್‌ಪೋರ್ಟು ಸಾರ್. ಗಾಡಿ ಬಂದ್ ಮಾಡೋಕೆ ಮುಂಚೆ ಹಿಂಗೇ ಮಾಡ್ತಾರೆ. ಮುಂದೆ ರಿಪೇರಿಗೆ ಎಷ್ಟು ಬೇಕೋ ಅಷ್ಟೂ ಒಂದೇ ಸಲ ಮಾಡ್ಸಿ, ಎಣ್ಣೆ ಹಚ್ಚಿ ಇಟ್ಬಿಡ್ತಾರೆ. ಆಮೇಲೆ ಲೈನ್ ಖತಂ. ವರ್ಷಗಟ್ಲೆ ಕೆಡಲ್ಲ ನೋಡಿ, ಎಷ್ಟು ಫ್ರೆಶ್ಶಾಗೈತೆ."

"ಮಾಡಿದವ್ರು ಏನಾದ್ರು?"

"ಯಾರು?"

"ಇದನ್ನ ಮಾಡಿದ ಕೆಲಸದವ್ರು."

"ಅದು ನಮ್ಗೆ ಹೆಂಗೆ ಗೊತ್ತಾಯ್ತದೆ ಸಾರ್. ನಮ್ಗೆ ಮಾಲ್ ಬರ್ತದೆ ಅಷ್ಟೆ."

ದುಡ್ಡು ಕೊಟ್ಟೆ. ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹೂವಿನವರು, ಮಾಂಸದವರು, ಹಣ್ಣಿನ ಗಾಡಿಯವರು ಎಲ್ಲರೂ ಎಂದಿನ ಹಾಗೆ ಕೂಗುತ್ತಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತೆ. ನನ್ನ ಕೆಲಸಕ್ಕಿಂತ ಮೊದಲು ನೆನಪಾದದ್ದು ಹುಡುಗನ ಹೆಂಡತಿ ಬಿಡಲಿದ್ದ, ನಾನು ಎಂದೂ ನೋಡದ ಆ ಅಂಗನವಾಡಿ.

ಮಾರನೆಯ ದಿನ ಸೂಪರ್‌ವೈಸರನ್ನು ಅಡ್ಡಗಟ್ಟಿ ನೇರವಾಗಿ ಕೇಳಿದೆ. "ಸಾರ್, ಈ ಪೆಟ್ಟಿಗೆಗಳು ಎಲ್ಲಿಗೆ ಹೋಗ್ತವೆ?" ಅವರು ಈ ಸಲ ನಗಲಿಲ್ಲ. "ನಿಮಗ್ಯಾಕ್ರೀ ಅದೆಲ್ಲ? ಹಬ್ಬದ ಮುಂದೆ ಟಾರ್ಗೆಟ್ ನೋಡ್ಕೊಳಿ" ಎಂದು ಫೋನ್ ಕಿವಿಗಿಟ್ಟುಕೊಂಡು ಹೋದರು. ಇದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನು ಬೇಕು?

ಹುಡುಗನನ್ನು ಪೆಟ್ಟಿಗೆಗಳ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಶಿವಾಜಿನಗರದ ಅಂಗಡಿ, ಕಾಗದ, ಎಣ್ಣೆ, ಯಜಮಾನರ ಮಾತು. "ನೋಡು ಗುರು, ನಿನ್ ಮನೆಯವ್ರ ಕೆಲಸ ಬಿಡಿಸ್ಬೇಡ. ಒಂದ್ ಆರು ತಿಂಗಳು ತಡ್ಕೋ" ಎಂದೆ.

ಅವನು ಕೇಳಿದ. ಕೇಳುತ್ತಾ ಕೇಳುತ್ತಾ ಮುಖ ಗಂಟಾಯಿತು. "ಅಣ್ಣಾರ, ನೀವು ಪರ್ಮನೆಂಟ್ ಮಂದಿ. ನಿಮಗ ಊರು ಇಲ್ಲೇ, ಹೆಂಡ್ತಿ ಮಕ್ಕಳು ಇಲ್ಲೇ. ಸಂಜಿಗಿ ಮನಿಗಿ ಹೋಗಿ ಬಿಸಿ ಉಣ್ತೀರಿ. ನಾವು ಕರ್ಕೊಂಡ್ ಬರ್ತೀವಿ ಅಂದ ಕೂಡ್ಲೇ ಲೈನ್ ಬಂದಾಗ್ತದೇನ್ರಿ?"

"ನಿನ್ ಒಳ್ಳೇದಕ್ಕೇ ಹೇಳ್ತಿರೋದು."

"ಒಂದ್ ಹಳೀ ಡಬ್ಬಿ ನೋಡಿ ನನ್ನ ಸಂಸಾರ ನಿಲ್ಲಸ್ತೀರೇನ್ರಿ?"

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಹಾಳಾಗಿ ಹೋಗು ಎಂದೆ. ಅವನು ಹೋಗಲಿಲ್ಲ. ನನ್ನನ್ನು ಕರೆದುಕೊಂಡು ಬಂದು ನನ್ನ ಮಷಿನ್ ಮುಂದೆ ನಿಲ್ಲಿಸಿದ. ಆಯುಧಪೂಜೆಗೆ ಹೆಂಡತಿ ಮಕ್ಕಳು ಬರುತ್ತಾರೆ, ಫ್ಯಾಕ್ಟರಿ ನೋಡಿ ಒಪ್ಪಿಗೆಯಾದರೆ ಊರಿಗೆ ಹೋಗಿ ಕೆಲಸ ಬಿಡುತ್ತಾಳಂತೆ. "ಲೈನ್ ಬಂದಾಗ್ತದ ಅಂತ ಆಕಿ ಮುಂದ ಹೇಳಂಗಿಲ್ಲ. ಮಷಿನ್ ಮುಟ್ಟಿ ಆಣಿ ಮಾಡ್ರಿ" ಎಂದ. ಆ ಮಷಿನ್ ನನಗೆ ಅನ್ನ ಹಾಕಿದ್ದು. ಅದನ್ನು ಮುಟ್ಟಿ ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸಿಟ್ಟಿನಲ್ಲೇ ಕೈಯಿಟ್ಟೆ. ಹಬ್ಬದವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅಕ್ಕಪಕ್ಕದಲ್ಲೇ ಕೆಲಸ ಮಾಡಿದೆವು. ನಾನು ಪೈಪು ಬಗ್ಗಿಸಿ ಇಡುತ್ತಿದ್ದೆ, ಅವನು ಎತ್ತಿಕೊಳ್ಳುತ್ತಿದ್ದ. ಒಂದೊಂದು ಪೈಪು ಕೊಡುವಾಗಲೂ ಇದು ಅವನ ಕೆಲಸದ ದಿನಗಳಿಂದ ಒಂದಿಷ್ಟನ್ನು ಕಳೆಯುತ್ತಿದೆ ಎನಿಸುತ್ತಿತ್ತು.

ನಮ್ಮ ಫ್ಯಾಕ್ಟರಿಯಲ್ಲಿ ಆಯುಧಪೂಜೆ ಎಂದರೆ ಮನೆಯವರು ಒಳಗೆ ಬರುವ ಒಂದೇ ದಿನ. ಯಾರ ಮಷಿನ್ನಿಗೆ ಅವರೇ ಬಾಳೆಕಂದು ಕಟ್ಟಿ, ಚೆಂಡುಹೂ ಸುತ್ತಿ, ಮುಂದೆ ಬೂದುಗುಂಬಳ ಒಡೆಯಬೇಕು. ಅವತ್ತು ಮಷಿನ್ ಮುಂದೆ ಕೆಟ್ಟ ಮಾತು ಆಡುವ ಹಾಗಿಲ್ಲ. ಉಳಿದ ವರ್ಷಗಳಲ್ಲಿ ಹೆಂಗಸರು ಮಕ್ಕಳು ಕೂರಲು ಗೋಡೌನಿನಲ್ಲಿ ಜಮಖಾನೆ ಹಾಸುತ್ತಿದ್ದರು. ಆ ವರ್ಷ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಎಲ್ಲರೂ ಪೆಟ್ಟಿಗೆಗಳ ಗೋಡೆಗೆ ಒರಗಿ ನಿಂತೇ ಇದ್ದರು. ಅಪ್ಪನೂ ಬಂದಿದ್ದರು. ಅವರಿಗೆ ನಾನು ಇನ್ನೂ ಬಾಯಿಬಿಟ್ಟಿರಲಿಲ್ಲ. ಹೊಸ ಪಂಚೆ ಉಟ್ಟು, ಆ ಗೋಡೆಯನ್ನು ತಾವೇ ಕಟ್ಟಿಸಿದವರ ಹಾಗೆ ನೋಡುತ್ತಿದ್ದರು.

ಹುಡುಗ ತನ್ನ ಮಾಸ್ಕ್ ತೊಳೆದು ಬೆಂಚಿನ ಮೇಲಿಟ್ಟು, ಪೇಂಟಿನ ಗೆರೆಗಳ ಮೇಲೆ ನಿಜವಾದ ವಿಭೂತಿ ಬಳಿದಿದ್ದ. ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು, ಇಬ್ಬರು ಮಕ್ಕಳ ಕೈ ಹಿಡಿದು ನಿಂತಿದ್ದಳು. ಅವನು ನನ್ನ ಕಡೆ ಒಂದು ಸಲ ನೋಡಿದ. ಆಣೆ ನೆನಪಿದೆಯಲ್ಲ ಎಂಬ ನೋಟ. ಆಮೇಲೆ ಅವಳಿಗೆ, "ಇವರೇ ಅಣ್ಣಾರು" ಎಂದ.

ಅವಳು ನಮಸ್ಕಾರ ಮಾಡಿದಳು. ಕಣ್ಣೆತ್ತಿ ಸೂರಿನವರೆಗೆ ಪೇರಿಸಿದ್ದ ಪೆಟ್ಟಿಗೆಗಳನ್ನು ನೋಡಿದಳು. "ಇವೆಲ್ಲಾ ನೀವೇ ಮಾಡಿದ್ದೇನ್ರಿ ಅಣ್ಣಾರ?"

"ಹೌದಮ್ಮ. ನಿಮ್ಮೆಜಮಾನ್ರು ಮಾಡಿದ್ದೇ ಜಾಸ್ತಿ."

"ಎಲ್ಲಿಗಿ ಹೋಗ್ತಾವ್ರಿ ಇವು?"

ನನ್ನ ಒಂದು ಕೈ ಮಷಿನ್ ಮೇಲಿತ್ತು. ಅರಿಶಿನ ಕುಂಕುಮ ಬೆರಳಿಗೆ ಹತ್ತಿತ್ತು. ಲೈನ್ ನಿಲ್ಲುತ್ತದೆ ಎಂದು ಹೇಳುವುದಿಲ್ಲ ಎಂದು ಆಣೆ ಮಾಡಿದ್ದೆ, ನಿಜ. ಪೆಟ್ಟಿಗೆಯ ಬಗ್ಗೆ ಆಣೆ ಮಾಡಿರಲಿಲ್ಲ. ಆದರೆ ಮಷಿನ್ ಮುಟ್ಟಿಕೊಂಡು ಫಾರಿನ್‌ಗೆ ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಎಲ್ಲಿಗೂ ಹೋಗಲ್ಲಮ್ಮ. ಇಲ್ಲೇ ಇರ್ತವೆ" ಎಂದೆ.

ಅವಳು ಪೆಟ್ಟಿಗೆಗಳನ್ನು ಇನ್ನೊಮ್ಮೆ ನೋಡಿದಳು. "ನಮ್ಮ ಅಂಗನವಾಡ್ಯಾಗ ಮೊದಲಿನ ತಿಂಗಳ ಸಾಮಾನ ಖರ್ಚಾಗೋತನಕ ಮುಂದಿನ ತಿಂಗಳದ್ದು ಕೊಡಂಗಿಲ್ರಿ. ಇಲ್ಲಿ ಮಾಡಿದ್ದೇ ಹೋಗಿಲ್ಲ ಅಂದ್ರ ಮತ್ತ ಮತ್ತ ಯಾಕ ಮಾಡಸ್ತಾರ?" ಎಂದು ಗಂಡನನ್ನು ಕೇಳಿದಳು. ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವರ ಹಾಗೆ ಕೇಳಿದಳು. ಅಷ್ಟರಲ್ಲಿ ಪೂಜಾರಿ ಮಂಗಳಾರತಿ ತಂದರು, ನಾನು ಬೂದುಗುಂಬಳ ಎತ್ತಿ ಒಡೆದೆ. ಅದು ಒಂದೇ ಏಟಿಗೆ ಒಡೆಯಲಿಲ್ಲ. ನನ್ನಪ್ಪ ಪೆಟ್ಟಿಗೆಗೆ ಒರಗಿದ್ದವರು ಮೆಲ್ಲಗೆ ಬೆನ್ನು ಸರಿಸಿಕೊಂಡು ನೇರವಾಗಿ ನಿಂತರು. ಅವರೂ ಕೇಳಿಸಿಕೊಂಡಿದ್ದರು.

ಸ್ವೀಟ್ ಬಾಕ್ಸ್ ಹಂಚುವ ಸಾಲಿನಲ್ಲಿ ಹುಡುಗ ನನ್ನ ಹಿಂದೆ ಬಂದು ನಿಂತ. "ನನ್ನ ಮನಿ ಮುರದ್ರಿ ಅಣ್ಣಾರ" ಎಂದಷ್ಟೇ ಹೇಳಿದ. ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಅವಳು ದಸರಾ ರಜೆ ಮುಗಿಸಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಳು. ಕೆಲಸ ಬಿಡಲಿಲ್ಲ.

ದೀಪಾವಳಿಯ ಪಟಾಕಿ ಕಸ ಇನ್ನೂ ರಸ್ತೆಯಲ್ಲಿರುವಾಗಲೇ ಅದು ಆಗಿಹೋಯಿತು. ಒಂದು ಬೆಳಿಗ್ಗೆ ಕಾಂಟ್ರ್ಯಾಕ್ಟಿನವರು ಎಷ್ಟು ಸಲ ಬೆರಳಿಟ್ಟರೂ ಗೇಟಿನ ಯಂತ್ರ ಅವರನ್ನು ಗುರುತಿಸಲಿಲ್ಲ. ಹಿಂದಿನ ಸಂಜೆ ಮನೆಗೆ ಹೋಗುವಾಗ ಒಬ್ಬರಿಗೂ ಒಂದು ಮಾತು ಹೇಳಿರಲಿಲ್ಲ. ನಮ್ಮ ಕಂಪನಿ ಬಸ್ಸು ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಯಿತು. ಕಿಟಕಿಯ ಪಕ್ಕದಲ್ಲೇ ಅವನು ನಿಂತಿದ್ದ. ನಾನು ಗಾಜು ಸರಿಸಿ ಕರೆದೆ. ತಲೆ ಎತ್ತಲಿಲ್ಲ. ಒಳಗಿದ್ದ ಅವರ ಸಾಮಾನನ್ನು ಕೊಡಲೂ ಸೆಕ್ಯೂರಿಟಿಯವರು ಒಪ್ಪಲಿಲ್ಲ. ಸಂಜೆ ನಾನು ಅವನ ಬೆಂಚಿನ ಕೆಳಗಿಂದ ಮಾಸ್ಕ್ ತೆಗೆದು, ಊಟದ ಬ್ಯಾಗಿನಲ್ಲಿ ತುರುಕಿ, ತಡೆದರೆ ಎರಡು ಬಿಡೋಣ ಎಂದುಕೊಂಡೇ ಗೇಟು ದಾಟಿದೆ. ಯಾರೂ ತಡೆಯಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಸೊರಗಿತು. ಗೇಟಿನೆದುರು ಎಗ್ ರೈಸ್ ಮಾಡುತ್ತಿದ್ದ ಗಂಡ ಹೆಂಡತಿ ತಳ್ಳುಗಾಡಿಯನ್ನು ಬೇರೆಡೆಗೆ ಒಯ್ದರು. ಕೆ.ಆರ್. ಪುರದಲ್ಲಿ ಕಾಂಟ್ರ್ಯಾಕ್ಟ್ ಹುಡುಗರಿದ್ದ ಗಲ್ಲಿಯಲ್ಲಿ ಮನೆ ಮನೆಗೂ ರೂಮು ಬಾಡಿಗೆಗೆ ಎಂಬ ಬೋರ್ಡು ನೇತುಬಿತ್ತು. ನಮ್ಮ ಬಸ್ಸು ಹೋಗಿ ವ್ಯಾನ್ ಬಂತು. ನನ್ನ ಮಷಿನ್ನನ್ನು ಬಿಚ್ಚಿ ಲಾರಿಗೆ ಹತ್ತಿಸಿದ ದಿನ ಅದರ ಮೈಮೇಲೆ ಹಬ್ಬದ ಕುಂಕುಮ ಹಾಗೇ ಇತ್ತು. ಈಗ ನಾವು ಉಳಿದ ಕೆಲವರು ಆ ಪೆಟ್ಟಿಗೆಗಳನ್ನು ಕಾಯುತ್ತೇವೆ. ಎಲ್ಲಿಂದಲೋ ಒಂದು ಆರ್ಡರ್ ಬಂದರೆ ಒಂದನ್ನು ಇಳಿಸಿ ಕಳಿಸುತ್ತೇವೆ. ಇವು ಖಾಲಿಯಾಗಲು ವರ್ಷಗಳು ಬೇಕು, ನಮ್ಮನ್ನು ಅಲ್ಲಿಯವರೆಗೂ ಇಟ್ಟುಕೊಳ್ಳುತ್ತಾರೆ ಎಂಬ ನಂಬಿಕೆ ನನಗಿಲ್ಲ. ಅಪ್ಪ ಈಗ ಕಂಪನಿಯ ವಿಷಯ ಎತ್ತುವುದಿಲ್ಲ. ಅವರ ಕಾರು ಮಾತ್ರ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಚೆನ್ನಾಗಿ ಓಡುತ್ತಿದೆ.

ಮೊನ್ನೆ ಭಾನುವಾರ ಹುಡುಗನ ನಂಬರಿನಿಂದ ಫೋನ್ ಬಂತು. ಎತ್ತಿದರೆ ಅವನ ಹೆಂಡತಿ.

"ಆರಾಮ್ ಅದೀರೇನ್ರಿ ಅಣ್ಣಾರ? ಅವರು ಇಲ್ಲೇ ಬಾಜೂಕ ಕುಂತಾರ್ರಿ. ಮಾತಾಡ್ರಿ ಅಂದ್ರ ಒಲ್ಲೆ ಅಂತಾರ."

ಕೆಲಸ ಸಿಕ್ಕಿತೇ ಎಂದು ಕೇಳಿದೆ. ಪೇಟೆಯಲ್ಲಿ ಗ್ರಿಲ್ ಮಾಡುವ ಒಂದು ಅಂಗಡಿಯಿದೆಯಂತೆ, ಇದ್ದರೆ ಕರೆಯುತ್ತಾರಂತೆ. "ಸದ್ಯಕ್ಕ ಮನಿ ನನ್ನ ಅಂಗನವಾಡಿ ಮ್ಯಾಲ ನಡೀಲಕತ್ತದರಿ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ಕೆಲಸವಾದರೂ ಉಳಿಯಿತಲ್ಲ ಎಂದು ಸಮಾಧಾನವಾಯಿತು, ಅದರ ಜೊತೆಗೇ ದುಃಖವೂ ಬಂತು. ಹಿಂದಿನಿಂದ ಅವನ ದನಿ ಕೇಳಿಸಿತು. "ನನ್ನ ಮಾಸ್ಕ್ ಏನಾತು ಅಂತ ಕೇಳು ಅವರಿಗಿ."

ನಾನು ಒಳಕೋಣೆಗೆ ಹೋಗಿ ಬೀರುವಿನ ಮೇಲಿಂದ ಅದನ್ನು ಇಳಿಸಿ ಕೈಯಲ್ಲಿ ಹಿಡಿದುಕೊಂಡೆ. "ಇದೆಯಮ್ಮ, ನಮ್ಮನೇಲೇ ಇದೆ. ಅವನೇ ಬಂದು ತಗೊಂಡ್ ಹೋಗ್ಬೇಕು ಅಂತ ಹೇಳು" ಎಂದೆ.

ಆ ಕಡೆ ಮಕ್ಕಳು ಏನೋ ಕಿತ್ತಾಡುವುದು ಕೇಳಿಸುತ್ತಿತ್ತು. ಫೋನ್ ಕೈಯಿಂದ ಕೈಗೆ ಹೋದ ಸದ್ದಾಯಿತು.

"ಧೂಳ ಕುಂತಿರ್ತದ ಅಣ್ಣಾರ" ಎಂದ. "ಸ್ವಲ್ಪ ಒರಿಸಿ ಇಡ್ರಿ."